ಬಾಗಿದ ನೀರು

ಮಾರ್ಚಿಯ ಬಿಸಿಲು. ಬೀಕರಿನ ನೀರಿಗೆ
ಒಂದು ಚಮಚ ಉಪ್ಪು ಸುರಿದು
ಗಾಜಿನ ಕಡ್ಡಿಯಲ್ಲಿ ತಿರುವಿದೆ.
ಕಿಟಕಿಯಾಚೆ ಸಾಣಿಕಟ್ಟೆಯ ಆಗರ,
ಕಣ್ಣಿಗೆ ಚುಚ್ಚುವ ಬಿಳಿ ರಾಶಿಗಳು.
'ನೋಡಿ, ಎಲ್ಲಿ ಹೋಯಿತು?' ಎಂದೆ,
ಪ್ರತಿ ವರ್ಷ ಕೇಳುವ ಹಾಗೆ.

ಎರಡನೇ ಬೆಂಚಿನಿಂದ ಮಾದೇವಿ ಆಗೇರ ಎದ್ದಳು.
'ಮಾಸ್ತರೇ, ನೀರಿಂದ ಅದ್ನ ಮೇಲೆ ತೆಗೂಕೆ
ನಮ್ಮವ್ವಿಗೆ ಹದಿನೈದು ದಿವ್ಸ ಬೇಕು.
ನೀವು ಒಂದೇ ಗಳ್ಗೆಲಿ ವಾಪಸ್ ಹಾಕ್ಬಿಟ್ರಿ.'

ಯಾರೂ ನಗಲಿಲ್ಲ.
ಅರ್ಧ ತರಗತಿಯ ಅವ್ವಂದಿರು ಆ ಹೊತ್ತಿಗೆ
ಅಲ್ಲೇ, ಗೋರುಮಣೆ ಹಿಡಿದು ನೀರಲ್ಲಿದ್ದರು.

ಬೋರ್ಡಿಗೆ ತಿರುಗಿದೆ. ಉತ್ತರವಿಲ್ಲದವನಿಗೆ ಬೋರ್ಡೇ ಗತಿ.
ಸೋಡಿಯಂ ಬರೆದೆ, ಕ್ಲೋರಿನ್ ಬರೆದೆ.
ಒಂದು ಕೊಟ್ಟೇಬಿಟ್ಟಿದೆ, ಇನ್ನೊಂದು ಇಸಕೊಂಡೇಬಿಟ್ಟಿದೆ;
ಕೊಟ್ಟದ್ದರ ಕೊರತೆಯೂ ಪಡೆದದ್ದರ ಹೆಚ್ಚಳವೂ
ಒಂದನ್ನೊಂದು ಕಚ್ಚಿ ಹಿಡಿದು ಹರಳು.
ಬೆಂಕಿಯಲ್ಲಿ ಕರಗಿಸಲು ಎಂಟುನೂರು ಡಿಗ್ರಿ ಬೇಕು.
ತಣ್ಣೀರಿಗೆ ಮಾತ್ರ ಸೋಲುತ್ತದೆ.

'ಎಂತಕೆ?'

ನೀರು ಬರೆದೆ. ನಡುವೆ ಆಮ್ಲಜನಕ,
ಹಂಚಿಕೊಂಡ ಕಂಬಳಿಯನ್ನು ತುಸು
ತನ್ನತ್ತಲೇ ಎಳಕೊಳ್ಳುವ ದೊಡ್ಡಣ್ಣ.
ಆಚೀಚೆ ಜಲಜನಕ, ಬೆಳಗಿನ ಜಾವ
ಅರೆ ಬೆನ್ನು ಬಯಲಾಗಿ ಮಲಗಿದ ತಮ್ಮಂದಿರು.
ಪೂರ್ತಿ ಕಸಿದದ್ದಲ್ಲ, ಪೂರ್ತಿ ಕೊಟ್ಟದ್ದೂ ಅಲ್ಲ,
ಬರೀ ಒಂದು ವಾಲು.
ವಾಲಿಗೆ ಧ್ರುವೀಯತೆ ಎಂದು ಹೆಸರು.
ಪರೀಕ್ಷೆಗೆ ಬರುತ್ತದೆ, ಬರೆದುಕೊಳ್ಳಿ.

'ಪುಸ್ತಕದಲ್ಲಿ ಬಗ್ಗಿದೆ ಮಾಸ್ತರೇ.'
ಹೌದು. ಅವಸರಕ್ಕೆ ಮೂವರನ್ನೂ
ಸಾಲಾಗಿ ನಿಲ್ಲಿಸಿದ್ದೆ.
ನೂರಾ ನಾಲ್ಕೂವರೆ ಡಿಗ್ರಿ ಬಾಗಬೇಕು.
ನೆಟ್ಟಗಿದ್ದರೆ ಎರಡು ಬದಿಯ ಎಳೆತ
ಒಂದನ್ನೊಂದು ನುಂಗಿ ನೀರು
ಉಪ್ಪಿನ ಗೊಡವೆಗೇ ಹೋಗುತ್ತಿರಲಿಲ್ಲ.
ಕಡಲು ಸಪ್ಪೆ, ಅಘನಾಶಿನಿಯ ಭರತವೂ ಸಪ್ಪೆ,
ಬೆವರೂ ಸಪ್ಪೆ.

ಸೀಮೆಸುಣ್ಣ ಇಸಕೊಂಡು ಅವಳೇ ಬಾಗಿಸಿ ಬರೆದಳು.
ಒಂದು ಹೆಜ್ಜೆ ಹಿಂದೆ ಸರಿದು
ಬೋರ್ಡು ನೋಡಿದಳು, ಕಿಟಕಿಯಾಚೆ ನೋಡಿದಳು,
ಮತ್ತೆ ಬೋರ್ಡು.
ಏನೂ ಹೇಳದೆ ಹೋಗಿ ಕೂತಳು.

ತದಡಿಗೆ ದೋಣಿ ಬಂದಾಗ ಬುಟ್ಟಿ ಹಿಡಿದು ಮುತ್ತುವ ಹಾಗೆ
ಹರಳಿನ ಮೂಲೆಗೆ ನೀರು ಮುತ್ತುತ್ತದೆ, ಎಂದೆ.
ಸೋಡಿಯಮ್ಮಿಗೆ ಒಂದು ಮಗ್ಗುಲು, ಕ್ಲೋರೈಡಿಗೆ ಇನ್ನೊಂದು.
ಒಂದೊಂದನ್ನೇ ಬಿಡಿಸಿ, ಸುತ್ತುಗಟ್ಟಿ, ನಡೆಸಿಕೊಂಡು ಹೋಗುತ್ತದೆ.

'ಹಂಗಾರೆ ಡೀಸೆಲ್?' ಉದಯ ಹರಿಕಂತ್ರ.
ಅಪ್ಪ ಬೋಟಿನ ಇಂಜಿನ್ ಬಿಚ್ಚುವವ,
ಇವನ ಉಗುರಲ್ಲೂ ಕಪ್ಪು.
ಡೀಸೆಲಿನಲ್ಲಿ ಹಂಚಿಕೆ ಸರಿಸಮ, ಮಗಾ. ವಾಲಿಲ್ಲ.
ನೀರಿಗೆ ಹಿಡಿಯಲು ಒಂದು ಕಿವಿಯೂ ಸಿಗದು.
ಎಣ್ಣೆಯ ಮೇಲೆ ಅದಕ್ಕೆ ಹಗೆ ಎಂದು ತಿಳಿಯಬೇಡ,
ತನ್ನವರ ಕೈ ಬಿಡಲು ಮನಸ್ಸಿಲ್ಲ, ಅಷ್ಟೇ.

ಮುಂದಿನ ಸಾಲು ಪುಸ್ತಕದಲ್ಲಿ ದಪ್ಪಕ್ಷರದ್ದು:
ಸಜಾತೀಯವು ಸಜಾತೀಯದಲ್ಲಿ ಕರಗುತ್ತದೆ.
ಇಪ್ಪತ್ತು ವರ್ಷದಿಂದ ಅದನ್ನು ಓದುವಾಗ
ಬೆಂಚುಗಳ ಕಡೆ ನೋಡುವುದಿಲ್ಲ.
ಈ ಸಲ ಬಾಯೇ ಏಳಲಿಲ್ಲ.
ಉಪ್ಪೇನು ನೀರಿನ ಜಾತಿಯೇ?
ಅದು ಪೂರ್ತಿ ಮುರಿದದ್ದು, ಇದು ತುಸು ವಾಲಿದ್ದು.

ಸಾಬೂನಿಗೆ ಬಂದೆ.
ತಲೆ ನೀರಿಗೆ, ಬಾಲ ಎಣ್ಣೆಗೆ,
ಮನೆಯಲ್ಲಿ ಕೊಂಕಣಿ ಆಡಿ ಇಲ್ಲಿ ಕನ್ನಡದಲ್ಲಿ
ಪಾಠ ಹೇಳುವ ನನ್ನಂಥದ್ದು.
ಉದಯ ಮಾತ್ರ ನಕ್ಕ. ಗಂಟೆ ಹೊಡೆಯಿತು.

ಬೀಕರು ತೊಳೆಯಲು ಹುಡುಕಿದರೆ ಇಲ್ಲ.
ಮಾದೇವಿ ಅದನ್ನು ಊಟದ ತಟ್ಟೆಗೆ ಸುರಿದು
ಕಿಟಕಿಯ ಕಟ್ಟೆ ಮೇಲಿಟ್ಟಿದ್ದಳು.

ಸೋಮವಾರ ನನ್ನ ಮೇಜಿನ ಮೇಲೊಂದು ಕಾಗದದ ಪೊಟ್ಟಣ.
'ಚಮಚಕ್ಕೆ ತುಸು ಕಮ್ಮಿ ಅದೆ ಮಾಸ್ತರೇ.
ನಿಮ್ಮ ಕಡ್ಡಿಗೆ ಅಂಟಿದ್ದು
ಲೆಕ್ಕಕ್ಕೆ ಹಿಡೀರಿ.'